ಲೈಟ್ ಉರಿಯುತ್ತದೆ, ವಿಂಡೋಸ್ ತೆರೆಯದು

ಪ್ರಶ್ನೆ: ಲ್ಯಾಪ್‌ಟಾಪ್ ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ. ಆದರೆ ಕಂಪನಿಯ ಲೋಗೊ ಬಂದಲ್ಲಿಗೆ ನಿಲ್ಲುತ್ತದೆ. ಪ್ರಾಜೆಕ್ಟ್ ಫೈಲುಗಳೆಲ್ಲ ಅದರಲ್ಲೇ ಇವೆ. ಏನು ಮಾಡಲಿ?

ಉತ್ತರ: ಮೊದಲು ಪೆನ್‌ಡ್ರೈವ್, ಪ್ರಿಂಟರ್ ಕೇಬಲ್‌ಗಳನ್ನು ಕಳಚಿ. ಚಾರ್ಜರ್ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿಹಿಡಿಯಿರಿ. ಮತ್ತೆ ಆನ್ ಮಾಡಿ.

ಆಗಲಿಲ್ಲವೇ? ಆನ್ ಮಾಡಿದೊಡನೆ ಎಫ್2 ಅಥವಾ ಡಿಲೀಟ್ ಕೀ ಒತ್ತುತ್ತ ಬಯಾಸ್‌ಗೆ ಹೋಗಿ (ಕೀ ಕಂಪನಿಗೊಂದು ರೀತಿ). ಅಲ್ಲಿ ಡಿಸ್ಕ್‌ನ ಹೆಸರೇ ಕಾಣದಿದ್ದರೆ ಅದು ಕೆಟ್ಟಿರಬಹುದು ಇಲ್ಲವೇ ಸಡಿಲಗೊಂಡಿರಬಹುದು, ತಂತ್ರಜ್ಞರಿಗೆ ತೋರಿಸಿ. ಕಂಡರೆ, ಬೇರೆ ಕಂಪ್ಯೂಟರಿನಲ್ಲಿ 8 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ವಿಂಡೋಸ್ ಇನ್‌ಸ್ಟಾಲರ್ ಹಾಕಿಕೊಂಡು, ಅದರಿಂದ ಬೂಟ್ ಮಾಡಿ ‘ಸ್ಟಾರ್ಟಪ್ ರಿಪೇರ್’ ಆರಿಸಿ. ಬಿಟ್‌ಲಾಕರ್ ಕೀ ಕೇಳಿದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ.

ಹಾರ್ಡ್‌ಡಿಸ್ಕ್‌ನಿಂದ ಟಕ್‌ಟಕ್ ಸದ್ದು ಬಂದರೆ ತಕ್ಷಣ ಆಫ್ ಮಾಡಿ, ಡೇಟಾ ರಿಕವರಿ ತಜ್ಞರ ಬಳಿ ಒಯ್ಯಿರಿ. ಫೈಲುಗಳು ಕೈಸೇರುವ ತನಕ ಫಾರ್ಮ್ಯಾಟ್‌ಗೆ ಯಾರು ಹೇಳಿದರೂ ಒಪ್ಪಬೇಡಿ.