ಹುಲಿ-ಕುರಿ ಬಲ್ಲವರಿಗೆ ವಿಡಿಯೊ ಗೇಮ್ ಪಾಠ

ಹುಲಿ 3, ಕುರಿ 15. ಕೊಯಮತ್ತೂರು, ತಿರುಪ್ಪೂರು ಕಡೆಯ ಕನ್ನಡ ಮನೆಗಳಲ್ಲಿ ಈ ಮಣೆಯಾಟವನ್ನು ಹುಲಿ-ಕುರಿ ಎನ್ನುವವರಿದ್ದಾರೆ, ಅಕ್ಕಪಕ್ಕದ ತಮಿಳರ ಜೊತೆ ಆಡಿ ಬೆಳೆದು ಆಡುಪುಲಿ ಎಂದೇ ಕರೆಯುವವರೂ ಇದ್ದಾರೆ. ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಇದರ ತ್ರಿಕೋನದ ಗೆರೆಗಳನ್ನು ನೀವು ಕಂಡಿರಬಹುದು. ಹುಲಿಗೆ ಹಾರಿ ತಿನ್ನುವ ಬಲ, ಕುರಿಗೆ ಗುಂಪಿನ ಬಲ. ಹುಲಿ ಹಿಡಿದವರು ಕುರಿ ತಿಂದು ಗೆಲ್ಲಬೇಕು. ಕುರಿ ಹಿಡಿದವರು ಹುಲಿ ಕದಲದಂತೆ ಕಟ್ಟಿಹಾಕಿ ಗೆಲ್ಲಬೇಕು. ಮಣೆ ಒಂದೇ ಆದರೂ ಎರಡು ಕಡೆಯವರು ಆಡುವುದು ಎರಡು ಬೇರೆ ಆಟ.

ಇಷ್ಟು ತಿಳಿದಿದ್ದರೆ ವಿಡಿಯೊ ಗೇಮ್ ಬಗ್ಗೆ ಮಾತಾಡಲು ಬೇಕಾದ ಅರ್ಧ ತಿಳಿವಳಿಕೆ ನಿಮ್ಮಲ್ಲಿ ಆಗಲೇ ಇದೆ. 2016ರಲ್ಲಿ ಕೆನಡಾದ ಕಂಪನಿಯೊಂದು ‘ಡೆಡ್ ಬೈ ಡೇಲೈಟ್’ ಎಂಬ ಆಟ ಹೊರತಂದಿತು. ಅದರಲ್ಲಿ ಬೇಟೆಗಾರ ಒಬ್ಬ, ತಪ್ಪಿಸಿಕೊಳ್ಳುವವರು ನಾಲ್ವರು. ಒಬ್ಬನಿಗೆ ಹೆಚ್ಚು ಶಕ್ತಿ, ಉಳಿದವರಿಗೆ ಹೆಚ್ಚು ಜನ. ಚಿತ್ರ ಭಯಾನಕವಾದುದು, ಚಿಕ್ಕ ಮಕ್ಕಳಿಗೆ ಖಂಡಿತ ಬೇಡ. ಆದರೆ ಅದರ ಎಲುಬು ನಮ್ಮ ಕಲ್ಲುಹಾಸಿನ ಮೇಲಿರುವುದೇ.

ಗೇಮ್ ಎಂದರೆ ಗಾಬರಿಯಾಗುವ ಅಪ್ಪ ಅಮ್ಮಂದಿರಿಗೆ, ಆಡಬೇಕೆಂಬ ಆಸೆಯಿದ್ದೂ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗದ ದೊಡ್ಡವರಿಗೆ ಈ ಬರಹ. ನಾನು ಹೇಳಿಕೊಡಬೇಕೆಂದಿರುವುದು ಒಂದೇ ವಿಷಯ. ಪರದೆಯ ಮೇಲಿನ ಚಿತ್ರವನ್ನು ಕೊಂಚ ಬದಿಗಿಟ್ಟು, ಈ ಆಟ ಆಡುವವರ ಕೈಗೆ ಯಾವ ತೀರ್ಮಾನ ಬಿಟ್ಟುಕೊಡುತ್ತದೆ ಎಂದು ನೋಡಿ. ಆಮೇಲೆ ಒಳ್ಳೆಯದು ಕೆಟ್ಟದ್ದು ತಾನಾಗಿ ಬೇರೆಯಾಗತೊಡಗುತ್ತದೆ.

ನಮ್ಮ ಮನೆಯ ಆಟಗಳನ್ನೇ ಸಾಲಾಗಿ ಇಟ್ಟು ನೋಡೋಣ. ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆ ಆಡುವ ಪರಮಪದದಲ್ಲಿ ನೀವು ತೀರ್ಮಾನಿಸುವುದು ಏನೂ ಇಲ್ಲ. ದಾಳ ಬಿದ್ದಂತೆ ಏಣಿ ಹತ್ತುತ್ತೀರಿ, ಹಾವಿನ ಬಾಯಿಗೆ ಬೀಳುತ್ತೀರಿ. ಚೌಕಾಬಾರದಲ್ಲಿ ಕವಡೆ ಎಷ್ಟು ಬೀಳುತ್ತದೆಂಬುದು ನಿಮ್ಮ ಕೈಯಲ್ಲಿಲ್ಲ, ಆದರೆ ಯಾವ ಕಾಯಿ ನಡೆಸಬೇಕು, ಎದುರಾಳಿಯನ್ನು ಕಡಿಯಬೇಕೋ ಕಟ್ಟೆಯಲ್ಲಿ ಕೂರಬೇಕೋ ಎಂಬುದು ನಿಮ್ಮದು. ಇಲ್ಲಿನವರು ತಾಯಂ ಎನ್ನುವ ಹಿತ್ತಾಳೆ ದಾಳದ ಆಟವೂ ಇದೇ ಬಗೆ. ಅಳಗುಳಿ ಮಣೆಗೆ ಬಂದರೆ ಅದೃಷ್ಟ ಪೂರ್ತಿ ಹೊರಗೆ. 14 ಗುಳಿ, ಕೈತುಂಬ ಹುಣಸೆ ಬೀಜ, ಎಲ್ಲಿಂದ ಎತ್ತಿ ಹಂಚಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆಂಬ ಲೆಕ್ಕ. ಅಜ್ಜಿಯಂದಿರು ಇದನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದರು.

ವಿಡಿಯೊ ಗೇಮ್‌ಗಳ ಪ್ರಕಾರಗಳನ್ನೂ ಹೀಗೆಯೇ ಓದಬೇಕು. ಸಿನಿಮಾದಲ್ಲಿ ಪ್ರಕಾರ ಎಂದರೆ ಕಥೆಯ ಬಣ್ಣ: ಹಾಸ್ಯ, ಭಕ್ತಿ, ಪತ್ತೇದಾರಿ. ಗೇಮ್‌ನಲ್ಲಿ ಪ್ರಕಾರ ಹೆಚ್ಚಾಗಿ ಕೈಗೂ ತಲೆಗೂ ಇರುವ ಕೆಲಸವನ್ನು ಹೇಳುತ್ತದೆ. ಪ್ಲಾಟ್‌ಫಾರ್ಮರ್ ಎಂದರೆ ಜಿಗಿಯುವುದು, ಸರಿಯಾದ ಕ್ಷಣ ಹಿಡಿಯುವುದು. ಪಜಲ್ ಎಂದರೆ ಬಿಡಿಸುವುದು. ಸ್ಟ್ರಾಟಜಿಯಲ್ಲಿ ಇರುವ ಸರಕನ್ನು ಎಲ್ಲಿ ಹಾಕಬೇಕೆಂಬ ಯೋಚನೆ, ಅಂದರೆ ಅಳಗುಳಿ ಮಣೆಯ ಮನಸ್ಸು. ರೋಲ್ ಪ್ಲೇಯಿಂಗ್‌ನಲ್ಲಿ ಒಂದು ಪಾತ್ರವನ್ನು ಗಂಟೆಗಟ್ಟಲೆ ಬೆಳೆಸುತ್ತೀರಿ. ಒಂದೇ ಆಟದಲ್ಲಿ ಎರಡು ಮೂರು ಪ್ರಕಾರ ಬೆರೆತಿರುವುದೇ ಈಗ ಹೆಚ್ಚು, ಆದ್ದರಿಂದ ಹೆಸರುಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಆದರೆ ಬ್ಯಾಟಲ್ ರಾಯಲ್ ಎಂಬ ಪ್ರಕಾರದ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಮನೆಗಳಲ್ಲಿ ಜಗಳ ಹತ್ತಿಸುವುದು ಅದೇ. 2017ರಲ್ಲಿ ಬಂದ ಪಬ್‌ಜಿ ಮರುವರ್ಷ ಮೊಬೈಲಿಗೆ ಇಳಿಯಿತು. ಭಾರತ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ಆ ಮೊಬೈಲ್ ಆಟವನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದೇ ಬಿಜಿಎಂಐ ಹೆಸರಿನಲ್ಲಿ ಮರಳಿತು. ಸುಮಾರು 100 ಜನ ಒಂದು ದೊಡ್ಡ ದ್ವೀಪಕ್ಕೆ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆದ್ದ ಹಾಗೆ. ಅಷ್ಟು ದೊಡ್ಡ ಜಾಗದಲ್ಲಿ ಎಲ್ಲರೂ ಅಡಗಿ ಕೂತರೆ ಆಟ ಮುಗಿಯುವುದೇ ಇಲ್ಲ. ಅದಕ್ಕೆ ವಿನ್ಯಾಸಕಾರರು ಒಂದು ವೃತ್ತ ಎಳೆದರು. ಅದು ಹೊತ್ತು ಹೋದಂತೆ ಕಿರಿದಾಗುತ್ತದೆ, ಹೊರಗಿದ್ದವರ ಜೀವ ಕರಗುತ್ತದೆ. ಈ ಒಂದು ನಿಯಮ ಎಲ್ಲರನ್ನೂ ಎದುರುಬದುರು ತರುತ್ತದೆ, ಅರ್ಧ ಗಂಟೆಯ ಆಸುಪಾಸಿನಲ್ಲಿ ಆಟ ಮುಗಿಸುತ್ತದೆ. ಹೊರಗಿನಿಂದ ನೋಡಿದವರಿಗೆ ಬಂದೂಕು ಮಾತ್ರ ಕಾಣುತ್ತದೆ. ಆಡುವ ಹುಡುಗನ ಮನಸ್ಸು ಬಹುಪಾಲು ಹೊತ್ತು ಎಲ್ಲಿ ಇಳಿಯಲಿ, ಏನು ಹೊರಲಿ, ಏನು ಬಿಡಲಿ, ಈಗ ಓಡಲೋ ಕಾಯಲೋ ಎಂಬುದರಲ್ಲಿರುತ್ತದೆ.

ಇಲ್ಲಿ ತಾಯಂದಿರಿಗೆ ಒಂದು ಮಾತು. ‘ಕಣ್ಣು, ಊಟಕ್ಕೆ ಬಾ’ ಎಂದು ಕರೆದಾಗ ಮಗ ಬರಲಿಲ್ಲ ಎಂದರೆ ಅದು ಮೊಂಡುತನವೇ ಆಗಿರಬೇಕಿಲ್ಲ. ಇಂಥ ಆಟವನ್ನು ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಅವನು ಎದ್ದರೆ ಅವನ ತಂಡದ ಇನ್ನು ಮೂವರು ಕೈ ಕಳೆದುಕೊಂಡಂತೆ. ‘ಈ ಮ್ಯಾಚ್ ಮುಗಿಯಲು ಎಷ್ಟು ಹೊತ್ತು?’ ಎಂದು ಕೇಳಿ, ‘ಇದು ಮುಗಿದ ಮೇಲೆ ಇನ್ನೊಂದು ಶುರು ಮಾಡಬೇಡ’ ಎಂದು ಹೇಳಿ. ಆಟದ ರಚನೆ ತಿಳಿದು ಹಾಕಿದ ಕಟ್ಟಳೆಯನ್ನು ಮಕ್ಕಳು ಒಪ್ಪುತ್ತಾರೆ. ಏನೂ ತಿಳಿಯದೆ ಫೋನ್ ಕಿತ್ತುಕೊಂಡರೆ ಸಿಟ್ಟು ಉಳಿಯುತ್ತದೆ, ಅಷ್ಟೇ.

ವಿನ್ಯಾಸದ ವಿಷಯಕ್ಕೆ ಬರೋಣ. ಪಾಠ ಮಾಡುವವಳಾಗಿ ನನಗೆ ಬಹಳ ಇಷ್ಟವಾದ ಭಾಗ ಇದು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಮೊದಲ ಹಂತವನ್ನು ಶಿಗೆರು ಮಿಯಾಮೊಟೊ ಮತ್ತು ಅವರ ತಂಡ ಕಟ್ಟಿದ ರೀತಿ ನೋಡಿ. ಮಾರಿಯೊ ಪರದೆಯ ಎಡಗಡೆ ನಿಂತಿರುತ್ತಾನೆ, ಬಲಗಡೆಯೆಲ್ಲ ಖಾಲಿ. ಬಲಕ್ಕೆ ನಡೆ ಎಂದು ಯಾರೂ ಬರೆದು ತೋರಿಸುವುದಿಲ್ಲ, ಖಾಲಿ ಜಾಗವೇ ಕರೆಯುತ್ತದೆ. ಒಂದು ಸಣ್ಣ ವೈರಿ ನಡೆದುಕೊಂಡು ಬರುತ್ತದೆ. ತಾಗಿದರೆ ಸಾವು, ಆದರೆ ಆಟ ಈಗಷ್ಟೇ ಶುರುವಾದ್ದರಿಂದ ಕಳೆದುಕೊಳ್ಳುವುದು ಕೆಲವೇ ಕ್ಷಣ. ಮುಂದೆ ಪ್ರಶ್ನೆಚಿಹ್ನೆಯ ಇಟ್ಟಿಗೆಗೆ ಗುದ್ದಿದರೆ ಅಣಬೆ ಹೊರಬೀಳುತ್ತದೆ, ಜಾರಿಕೊಂಡು ಹೋಗಿ ಕೊಳವೆಗೆ ಬಡಿದು ನಿಮ್ಮ ಕಡೆಗೇ ತಿರುಗುತ್ತದೆ. ತಲೆಯ ಮೇಲೆ ಇಟ್ಟಿಗೆಯ ಸಾಲು ಇರುವುದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಹೆದರುತ್ತಲೇ ಮುಟ್ಟುತ್ತೀರಿ, ಮಾರಿಯೊ ದೊಡ್ಡವನಾಗುತ್ತಾನೆ. ಅಣಬೆ ಒಳ್ಳೆಯದೆಂದು ಒಂದಕ್ಷರವಿಲ್ಲದೆ ಕಲಿತಾಯಿತು. ತರಗತಿಯಲ್ಲಿ ನಾವು ಗಂಟಲು ಹರಿದುಕೊಂಡು ಹೇಳುವುದನ್ನು ಈ ಒಂದು ಪರದೆ ಮೌನವಾಗಿ ಕಲಿಸುತ್ತದೆ. ಇಂದಿನ ಅನೇಕ ಮೊಬೈಲ್ ಆಟಗಳು ಬೆರಳಿನ ಚಿತ್ರ ಕುಣಿಸಿ ‘ಇಲ್ಲಿ ಒತ್ತು, ಈಗ ಇಲ್ಲಿ ಒತ್ತು’ ಎನ್ನುತ್ತ ಹತ್ತು ನಿಮಿಷ ಕಳೆಯುತ್ತವೆ. ಕಲಿಯುವವರ ಮೇಲೆ ನಂಬಿಕೆಯಿಲ್ಲದ ವಿನ್ಯಾಸ ಅದು.

ಮಾರಿಯೊನ ಹಂತಗಳನ್ನು ಚೌಕುಳಿ ಗೆರೆಯ ಗ್ರಾಫ್ ಹಾಳೆಯ ಮೇಲೆ ಬರೆದು ಯೋಜಿಸುತ್ತಿದ್ದರು. ಸಿರುಮುಗೈಯ ರೇಷ್ಮೆ ಮಗ್ಗಗಳ ನಡುವೆ ಹುಟ್ಟಿದವರಿಗೆ ಈ ಹಾಳೆಯ ಪರಿಚಯ ಹೊಸದಾಗಿ ಮಾಡಿಸಬೇಕಿಲ್ಲ. ಸೀರೆಯ ಅಂಚಿನ ಹೂವನ್ನು ದೇವಾಂಗರ ಮನೆಗಳಲ್ಲಿ ಇದೇ ಚೌಕಗಳಲ್ಲಿ ತುಂಬುತ್ತಾರೆ. ಒಂದೊಂದು ಚೌಕವೂ ಹಾಸು ಹೊಕ್ಕು ಸಂಧಿಸುವ ಒಂದೊಂದು ಜಾಗ. ಆ ಚಿತ್ರ ಜಕಾರ್ಡ್ ರಟ್ಟಿನಲ್ಲಿ ತೂತುಗಳಾಗುತ್ತದೆ: ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. 1800ರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಬಂದ ಈ ಉಪಾಯವನ್ನು ಕಂಡೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ರಟ್ಟಿನ ಕಾರ್ಡುಗಳನ್ನು ಆರಿಸಿಕೊಂಡ. ಕಂಪ್ಯೂಟರ್ ಚರಿತ್ರೆಯ ಕೆಲವು ಪುಸ್ತಕಗಳು ಮಗ್ಗದಿಂದ ಶುರುವಾಗುವುದು ಇದಕ್ಕೇ. ಹಳೆಯ ಗೇಮ್‌ಗಳ ಬೊಂಬೆಗಳು ಕೆಲವೇ ಚೌಕಗಳಲ್ಲಿ ಮೂಗು, ಮೀಸೆ, ಟೋಪಿ ತೋರಿಸಬೇಕಿತ್ತು. ಕಡಿಮೆ ಚೌಕದಲ್ಲಿ ಹೆಚ್ಚು ಹೇಳುವ ಆ ಜಾಣ್ಮೆ ನೇಯುವವರ ಮನೆಯ ಮಕ್ಕಳಿಗೆ ರಕ್ತದಲ್ಲೇ ಇದೆ ಎಂದು ನಾನು ಹೇಳುವುದಿಲ್ಲ. ಕಣ್ಣೆದುರು ಇದೆ, ಕೇಳಿದರೆ ಕಲಿಸುವವರು ಮನೆಯಲ್ಲೇ ಇದ್ದಾರೆ.

ಇನ್ನು ದುಡ್ಡು. ಉಚಿತ ಎಂದು ಬರುವ ಆಟ ದುಡ್ಡನ್ನು ಎಲ್ಲಿಂದ ಪಡೆಯುತ್ತದೆಂದು ಕೇಳದೆ ಯಾವ ಆಟವನ್ನೂ ಫೋನಿಗೆ ಇಳಿಸಿಕೊಳ್ಳಬೇಡಿ. 2012ರ ‘ಕ್ಯಾಂಡಿ ಕ್ರಶ್’ನಲ್ಲಿ 5 ಜೀವ ಕೊಡುತ್ತಾರೆ. ಸೋತಾಗ ಒಂದು ಹೋಗುತ್ತದೆ, ಅದು ಮರಳಲು 30 ನಿಮಿಷ ಕಾಯಬೇಕು, ಕಾಯಲಾರದವರು ಕೊಳ್ಳಬಹುದು. ಅಂದರೆ ಅಲ್ಲಿ ಮಾರುತ್ತಿರುವುದು ನಿಮ್ಮ ಅಸಹನೆಯನ್ನೇ. ಬಿಜಿಎಂಐನಂಥ ಆಟಗಳಲ್ಲಿ ಬಂದೂಕಿಗೆ, ಅಂಗಿಗೆ ಬಣ್ಣ ಮಾರುತ್ತಾರೆ. ಅದರಿಂದ ಗೆಲುವು ಬರುವುದಿಲ್ಲ, ಸ್ನೇಹಿತರ ನಡುವೆ ಮೆರೆಯಬಹುದು. ಇವೆರಡಕ್ಕಿಂತ ಕೆಟ್ಟದ್ದು ಒಳಗೇನಿದೆ ಎಂದು ತೋರಿಸದೆ ಮಾರುವ ಪೆಟ್ಟಿಗೆ. ದುಡ್ಡು ಕೊಟ್ಟು ತೆರೆಯಬೇಕು, ಒಳಗಿರುವುದು ಅದೃಷ್ಟ. ಬೆಲ್ಜಿಯಂ 2018ರಲ್ಲಿ ಇದನ್ನು ಜೂಜು ಎಂದೇ ಪರಿಗಣಿಸಿತು. ನನ್ನ ಅಭಿಪ್ರಾಯವೂ ಅದೇ. ಪರಮಪದದ ದಾಳಕ್ಕೆ ದುಡ್ಡು ಕಟ್ಟಿಸಿಕೊಂಡಂತೆ ಅದು.

ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ರಮ್ಮಿಯಂಥವನ್ನು ಈ ಮಾತಿನೊಳಗೆ ಬೆರೆಸಬೇಡಿ, ಅದು ಬೇರೆಯದೇ ವ್ಯಾಪಾರ. ತಮಿಳುನಾಡು ಅದರ ವಿರುದ್ಧ 2022ರಲ್ಲಿ ಕಾನೂನು ತಂದಿತು, ನ್ಯಾಯಾಲಯದಲ್ಲಿ ವಾದ ನಡೆಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು, ಚಾತುರ್ಯದ್ದೋ ಅದೃಷ್ಟದ್ದೋ ಎಂದು ನೋಡದೆ, ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧದ ಕೆಳಗೆ ತಂದು, ಇ-ಸ್ಪೋರ್ಟ್ಸ್ ಪಂದ್ಯಗಳನ್ನು ಬೇರೆಯಾಗಿ ಗುರುತಿಸಿತು.

ಉದ್ಯಮ ಹೇಗೆ ನಡೆಯುತ್ತದೆ ಎಂಬುದು ತಿರುಪ್ಪೂರಿನವರಿಗೆ ಬೇಗ ಅರ್ಥವಾಗುತ್ತದೆ. ಬಟ್ಟೆ ಒಂದು ಕಡೆ ಹೆಣೆದು, ಇನ್ನೊಂದು ಕಡೆ ಬಣ್ಣ ಹಾಕಿ, ಮತ್ತೊಂದು ಕಡೆ ಹೊಲಿದು, ಕೊನೆಗೆ ಹೊರದೇಶದ ಲೇಬಲ್ ಹಚ್ಚಿ ಕಳಿಸುವ ಜಾಬ್ ವರ್ಕ್ ನಿಮಗೆ ಗೊತ್ತು. ಭಾರತದ ಗೇಮ್ ಕೆಲಸವೂ ಬಹುಕಾಲ ಹೀಗೇ ನಡೆಯಿತು. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಯಾಕ್ಟಿವ್ ಈ ದಾರಿಯ ಮೊದಲಿಗರಲ್ಲಿ ಒಂದು. ದೊಡ್ಡ ವಿದೇಶಿ ಆಟಗಳಿಗೆ ಬೇಕಾದ ಕಾರು, ಕಟ್ಟಡ, ಗಿಡಮರಗಳನ್ನು ಇಂಥ ಸ್ಟುಡಿಯೊಗಳಲ್ಲಿ ಮಾಡಿ ಕಳಿಸುತ್ತಾರೆ. ‘ಗ್ರ್ಯಾಂಡ್ ಥೆಫ್ಟ್ ಆಟೊ’ ತಯಾರಿಸುವ ರಾಕ್‌ಸ್ಟಾರ್ 2019ರಲ್ಲಿ ಧ್ರುವವನ್ನು ಸುಮಾರು 79 ಲಕ್ಷ ಡಾಲರಿಗೆ ಕೊಂಡಿತು. ಶಿಪ್‌ಮೆಂಟ್ ದಿನ ಹತ್ತಿರವಾದಾಗ ಹೊಲಿಗೆ ಘಟಕದಲ್ಲಿ ರಾತ್ರಿ ಹಗಲಾಗುವಂತೆ, ಆಟ ಬಿಡುಗಡೆಯ ಮುನ್ನ ಸ್ಟುಡಿಯೊಗಳಲ್ಲೂ ನಿದ್ದೆಗೆಡುತ್ತಾರೆ. 2023, 2024ರಲ್ಲಿ ಜಗತ್ತಿನಾದ್ಯಂತ ಸಾವಿರಾರು ಮಂದಿ ಈ ಉದ್ಯಮದಲ್ಲಿ ಕೆಲಸ ಕಳೆದುಕೊಂಡರು. ಮಕ್ಕಳು ಗೇಮ್ ಓದಬೇಕೆಂದರೆ ಇದನ್ನೂ ಮುಚ್ಚಿಡದೆ ಹೇಳಿ.

ಸ್ವಂತ ಲೇಬಲ್ ಹಚ್ಚಿದವರೂ ಬಂದಿದ್ದಾರೆ. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ 2020ರಲ್ಲಿ ಹೊರಬಂತು. ನಾನು ಎಲ್ಲ ಹೊಸಬರಿಗೂ ಮೊದಲು ಹೇಳುವ ಆಟ ಮಾತ್ರ ‘ವೆಣ್ಬಾ’. ಟೊರೊಂಟೊದ ವಿಸೈ ಗೇಮ್ಸ್ ಎಂಬ ಸಣ್ಣ ತಂಡ 2023ರಲ್ಲಿ ಇದನ್ನು ತಂದಿತು. ಮರುವರ್ಷ ಬ್ರಿಟನ್ನಿನ ಬಾಫ್ಟಾ, ಚೊಚ್ಚಲ ಆಟಕ್ಕೆ ಕೊಡುವ ಪ್ರಶಸ್ತಿಯನ್ನು ಇದಕ್ಕೆ ಕೊಟ್ಟಿತು. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅಲ್ಲೇ ಬೆಳೆಯುವ ಮಗ ಕವಿನ್. ಅಮ್ಮನ ಹಳೆಯ ಅಡುಗೆ ಪುಸ್ತಕ ಹರಿದಿದೆ, ಸಾಲುಗಳು ಅಳಿಸಿವೆ. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಬೇಕು, ಯಾವುದರ ಮೇಲೆ ಯಾವುದನ್ನು ಹಾಕಬೇಕು ಎಂಬುದನ್ನು ಆಡುವವರು ಊಹಿಸಿ ಬಿಡಿಸಬೇಕು. ಅಡುಗೆಯೇ ಪಜಲ್. ಮಗ ಬೆಳೆದಂತೆ ಮನೆಮಾತು ಅವನಿಂದ ಜಾರುತ್ತದೆ. ಅಡುಗೆಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಆಗಿ ಬೆಳೆಯುತ್ತಿರುವ ಕೊಯಮತ್ತೂರಿನ ನಮ್ಮ ಮಕ್ಕಳ ಜೊತೆ ಕೂತು ಇದನ್ನು ಆಡಿ ನೋಡಿ. ಆಡಿ ಮುಗಿಸಲು ಒಂದು ಸಂಜೆ ಸಾಕು. ಬಂದೂಕಿಲ್ಲ, ಅಂಕವಿಲ್ಲ, ಆದರೂ ಇದು ಪೂರ್ತಿಯಾಗಿ ಗೇಮ್. ಅದೇ ಕಥೆಯನ್ನು ಸಿನಿಮಾ ಮಾಡಿದ್ದರೆ ಆ ಹರಿದ ಸಾಲನ್ನು ನಾವು ನೋಡುತ್ತಿದ್ದೆವು. ಇಲ್ಲಿ ನಮ್ಮ ಕೈಯಾರೆ ತುಂಬಬೇಕು.

ತಾವೇ ಆಟ ಮಾಡಿ ನೋಡುವ ಆಸೆಯುಳ್ಳವರು ಕಂಪ್ಯೂಟರಿನಿಂದ ಶುರು ಮಾಡುವುದು ಬೇಡ. ಗ್ರಾಫ್ ಹಾಳೆ, ಪೆನ್ಸಿಲ್, ನಾಲ್ಕು ಕವಡೆ ಸಾಕು. ಕಾಗದದ ಮೇಲೆ ರುಚಿಸದ ಆಟ ಪರದೆಯ ಮೇಲೆ ರುಚಿಸುವುದು ಅಪರೂಪ. ಆಮೇಲೆ ಆಟ ಕಟ್ಟಲು ‘ಗೊಡೊ’ ಎಂಬ ಉಚಿತ, ಮುಕ್ತ ತಂತ್ರಾಂಶ ಇಳಿಸಿಕೊಳ್ಳಿ. ಮೊದಲ ಆಟಕ್ಕೆ ಒಂದೇ ಪರದೆ, ಒಂದೇ ನಿಯಮ ಇರಲಿ. ಅದನ್ನು ಗೇಮ್ ಮುಟ್ಟದ ಚಿಕ್ಕಮ್ಮನ ಕೈಗೋ ಅಜ್ಜನ ಕೈಗೋ ಕೊಟ್ಟು, ಏನೂ ವಿವರಿಸದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ತಡವರಿಸಿದ ಜಾಗವನ್ನೆಲ್ಲ ಹಾಳೆಯಲ್ಲಿ ಗುರುತು ಹಾಕಿ, ಮರುದಿನ ಅಲ್ಲಿಂದ ತಿದ್ದಲು ಶುರು ಮಾಡಿ.