ಅಕ್ಷರವಿಲ್ಲದ ಶಾಸನ

ಭೂಮಿಯ ಹೊರಪದರವು ನಿಧಾನವಾಗಿ ಚಲಿಸುವ ಫಲಕಗಳಿಂದ ಕೂಡಿದೆ. ಅಂಟಾರ್ಕ್ಟಿಕದ ಸುತ್ತಲಿನ ಹಿಮಸಮುದ್ರಗಳಲ್ಲಿ ನೌಕೆಗಳು ಕಾಂತಮಾಪಕವನ್ನು ಎಳೆದೊಯ್ಯುತ್ತ, ಕಡಲತಳದ ಶಿಲೆಯು ಆರುವಾಗ ತನ್ನಲ್ಲಿ ಉಳಿಸಿಕೊಂಡ ಭೂಕಾಂತದ ಗುರುತುಗಳನ್ನು ಅಳೆಯುತ್ತವೆ. ಅದರಿಂದ ಆ ತಳದ ವಯಸ್ಸು ತಿಳಿಯುತ್ತದೆ. ಇಂಥ ಸಾಕ್ಷ್ಯಗಳಿಂದಲೇ ಭಾರತವು ಸುಮಾರು 13 ಕೋಟಿ ವರ್ಷಗಳ ಹಿಂದೆ ಅಂಟಾರ್ಕ್ಟಿಕದಿಂದ ಬೇರ್ಪಟ್ಟಿತೆಂದು ನಿರ್ಣಯಿಸಲಾಗಿದೆ.

ಆದರೆ ಮಹಾಸಾಗರಗಳ ತಳವು ಬಹುಮಟ್ಟಿಗೆ 20 ಕೋಟಿ ವರ್ಷಗಳಿಗಿಂತ ಹಳೆಯದಲ್ಲ. ಹಳೆಯದು ಮರಳಿ ಭೂಗರ್ಭವನ್ನು ಸೇರುತ್ತದೆ. ಅದಕ್ಕೂ ಪ್ರಾಚೀನವಾದ ಕಡಲನ್ನು ನೆಲದಲ್ಲಿಯೇ ಅರಸಬೇಕು. ಲಿಂಗಸುಗೂರು ಸೀಮೆಯ ಹಟ್ಟಿ–ಮಸ್ಕಿ ಶಿಲಾಪಟ್ಟಿಯಲ್ಲಿ, 250 ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿ ಹರಿದು ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾಶಿಲೆಗಳಿವೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕಶಾಸನವನ್ನು ನಾಡು ಕಾಪಾಡಿಕೊಂಡು ಬಂದಿದೆ. ಅಕ್ಷರವಿಲ್ಲದ ಈ ಬಂಡೆಗಳೂ ಶಾಸನಗಳೇ. ಇವು ಜಲ್ಲಿಯಾದರೆ ಮತ್ತೆ ಬರೆಯಬಲ್ಲ ಲಿಪಿಕಾರನಿಲ್ಲವೆಂಬುದನ್ನು ವಿದ್ಯಾರ್ಥಿಗಳು ಅರಿಯತಕ್ಕದ್ದು.