ಬೀದಿಯಲ್ಲಿ ಕಲಿತ ಛಾಯಾಚಿತ್ರ ವಿದ್ಯೆ



ಛಾಯಾಚಿತ್ರ ತೆಗೆಯುವುದು ಈಗ ಒಂದು ವಿದ್ಯೆಯೆಂದೇ ತೋರದಷ್ಟು ಸುಲಭವಾಗಿದೆ. ಮೊಬೈಲಿಲ್ಲದ ಮನೆ ವಿರಳ. ಕ್ಯಾಮರಾ ಇಲ್ಲದ ಮೊಬೈಲು ಇನ್ನೂ ವಿರಳ. ಆದರೆ ಕಾಗದವೂ ಲೇಖನಿಯೂ ಉಳ್ಳವರೆಲ್ಲರೂ ಬರೆಹಗಾರರಾಗುವುದಿಲ್ಲವಷ್ಟೆ. ಬೀದಿಯ ನಿತ್ಯಜೀವನವನ್ನು, ಯಾರನ್ನೂ ಸಿಂಗರಿಸಿ ನಿಲ್ಲಿಸದೆ, ಇದ್ದುದನ್ನು ಇದ್ದಂತೆಯೇ ಹಿಡಿದಿಡುವುದು ವರ್ಷಗಟ್ಟಲೆ ದುಡಿದು ಕಲಿಯಬೇಕಾದ ವಿದ್ಯೆ. ಅದನ್ನು ಗುರುವಿಲ್ಲದೆ ಕಲಿಯುವ ಬಗೆಯನ್ನು ಇಲ್ಲಿ ನನಗೆ ತಿಳಿದಮಟ್ಟಿಗೆ ಹೇಳುತ್ತೇನೆ.

ಕನ್ನಡಿಗರಲ್ಲಿ ಈ ವಿದ್ಯೆಯಿಂದ ಹೆಸರಾದವರು ಟಿ. ಎಸ್. ಸತ್ಯನ್ ಅವರು. 1923ರಲ್ಲಿ ಮೈಸೂರಿನಲ್ಲಿ ಜನಿಸಿ, ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಓದಿದವರು. ವಿದ್ಯಾರ್ಥಿದೆಸೆಯಲ್ಲಿ ಹತ್ತಿದ ಗೀಳನ್ನೇ ಬಾಳಿನ ವೃತ್ತಿಯನ್ನಾಗಿ ಮಾಡಿಕೊಂಡರು. 1948ರಲ್ಲಿ ಬೆಂಗಳೂರಿನಲ್ಲಿ ಹೊಸದಾಗಿ ಆರಂಭವಾದ ಡೆಕ್ಕನ್ ಹೆರಾಲ್ಡ್ ಪತ್ರಿಕೆಯಲ್ಲಿ ಛಾಯಾಗ್ರಾಹಕರಾದರು. ಮುಂದೆ ಬಹುಕಾಲ ಸ್ವತಂತ್ರರಾಗಿ ದುಡಿದರು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿತವಾದುವು. 2009ರಲ್ಲಿ ಅವರು ತೀರಿಕೊಂಡರು. ‘ಕಾಲಕ್ಕೆ ಕನ್ನಡಿ’ ಎಂಬುದು ಅವರ ಕನ್ನಡ ಆತ್ಮಕಥನದ ಹೆಸರು. ಗಣ್ಯರ ಚಿತ್ರಗಳನ್ನೂ ಅವರು ತೆಗೆದುದುಂಟು. ಆದರೆ ನನ್ನ ಕಣ್ಣಿಗೆ ಹಿರಿದಾಗಿ ಕಂಡುವು ಸಾಮಾನ್ಯರ ಚಿತ್ರಗಳೇ. ಅವುಗಳೊಳಗಿನ ಜನ ಕ್ಯಾಮರಾ ಕಂಡು ಬೆದರಿದಂತಿಲ್ಲ. ಇದು ಹೇಗೆ ಸಾಧ್ಯವಾಯಿತೆಂಬುದು ನನಗೆ ಬಹುಕಾಲ ಹೊಳೆಯಲೇ ಇಲ್ಲ.

ನಾನು ಈ ಹುಚ್ಚಿಗೆ ಬಿದ್ದು ಇಪ್ಪತ್ತು ವರ್ಷಗಳಾಗಿರಬಹುದು. ಬಳ್ಳಾರಿಯಲ್ಲಿ ಯಾರೋ ಬಳಸಿ ಬಿಟ್ಟ ಕ್ಯಾಮರಾ ಒಂದನ್ನು ಕೊಂಡೆನು. ಒಂದು ಫಿಲಂ ಸುರುಳಿಗೆ 36 ಚಿತ್ರ. ತೊಳೆಸಿ ಮುದ್ರಿಸುವ ವೆಚ್ಚ ಬೇರೆ. ಸಂಬಳ ಬಂದ ವಾರ ಮಾತ್ರ ಸುರುಳಿ ಕೊಳ್ಳುತ್ತಿದ್ದೆನು. ಶಾಲೆಗೆ ಹೋಗುವ ಮುನ್ನ ನಮ್ಮ ಆದವಾನಿಯ ಹತ್ತಿ ಮಾರುಕಟ್ಟೆಯ ಕಡೆ ಸುತ್ತುವುದು ವಾಡಿಕೆಯಾಯಿತು.

ಮೊದಲ ಸುರುಳಿಯೆಲ್ಲ ಕತ್ತಲೆ! ಬೆಳ್ಳನೆಯ ಹತ್ತಿಯ ರಾಶಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅದರ ಪಕ್ಕದಲ್ಲಿ ನಿಂತವರ ಮುಖಗಳು ಇದ್ದಲಾಗಿದ್ದುವು. ಕಾರಣ ತಿಳಿಯಲು ಕೆಲವು ತಿಂಗಳೇ ಹಿಡಿದುವು. ಕ್ಯಾಮರಾದೊಳಗಿನ ಬೆಳಕಿನ ಮಾಪಕಕ್ಕೆ ಬಿಳುಪು ಕಪ್ಪುಗಳ ವಿವೇಕವಿಲ್ಲ. ತಾನು ಕಂಡುದೆಲ್ಲ ನಡುವಣ ಬೂದುಬಣ್ಣವೆಂದೇ ಅದು ಎಣಿಸುತ್ತದೆ. ಎದುರಿಗೆ ಹತ್ತಿಯ ರಾಶಿಯಿದ್ದರೆ ಬೆಳಕು ಹೆಚ್ಚಾಯಿತೆಂದು ಬಗೆದು ತಗ್ಗಿಸಿಬಿಡುತ್ತದೆ. ಆಗ ನಾವು ಅದರ ಮಾತು ಕೇಳದೆ ತುಸು ಹೆಚ್ಚು ಬೆಳಕು ಕೊಡಬೇಕು. ಮೊಬೈಲಿನಲ್ಲಿಯೂ ಇದೇ ನಿಯಮ: ಹತ್ತಿಯನ್ನು ಬಿಟ್ಟು, ಮನುಷ್ಯನ ಮುಖದ ಮೇಲೆ ಬೆರಳಿಟ್ಟು ನೋಡಿರಿ, ವ್ಯತ್ಯಾಸ ತಾನಾಗಿ ಕಾಣುವುದು. ನಡೆಯುವವನ ಕಾಲು ಸೆಕೆಂಡಿನ 30ರಲ್ಲಿ ಒಂದು ಪಾಲಿನ ಅವಧಿಯಲ್ಲಿ ಮಸುಕಾಗುತ್ತದೆ, 250ರಲ್ಲಿ ಒಂದು ಪಾಲಿಗೆ ಸ್ಪಷ್ಟವಾಗಿ ನಿಲ್ಲುತ್ತದೆ. ನಮ್ಮ ಸೀಮೆಯ ನಡುಹಗಲಿನ ಬಿಸಿಲಿನಲ್ಲಿ ರುಮಾಲಿನ ನೆರಳು ಕಣ್ಣುಗಳನ್ನೇ ನುಂಗುತ್ತದೆ. ಆದುದರಿಂದ ಬೆಳಗು ಇಲ್ಲವೆ ಇಳಿಹೊತ್ತು ಲೇಸು. ಇವೆಲ್ಲ ಪುಸ್ತಕದಲ್ಲಿಯೂ ಇವೆ. ನಾನು ಮಾತ್ರ ಸುರುಳಿಗಳನ್ನು ಕೆಡಿಸಿಯೇ ಕಲಿತೆನು.

ತೆಗೆದುದನ್ನು ಮತ್ತೆ ಮತ್ತೆ ಹರಡಿಕೊಂಡು ನೋಡುವುದೇ ಗುರುವಿಲ್ಲದವನ ಗುರು. ಅಮೆರಿಕೆಯ ಷಿಕಾಗೋ ನಗರದಲ್ಲಿ ವಿವಿಯನ್ ಮೇಯರ್ ಎಂಬಾಕೆ ಮನೆಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿದ್ದು, ಬಿಡುವಿನಲ್ಲಿ ಬೀದಿಯ ಚಿತ್ರಗಳನ್ನು ಲಕ್ಷಕ್ಕೂ ಮಿಗಿಲಾಗಿ ತೆಗೆದಳು. ಅವು 2007ರಲ್ಲಿ ಹರಾಜಿಗೆ ಬಂದ ಪೆಟ್ಟಿಗೆಗಳಲ್ಲಿ ದೊರೆತುವು. ಎಷ್ಟೋ ಸುರುಳಿಗಳನ್ನು ಆಕೆ ತೊಳೆಸಿಯೇ ಇರಲಿಲ್ಲ. ತನ್ನ ಚಿತ್ರಗಳನ್ನು ತಾನೇ ನೋಡದೆ ಹೋದಳಲ್ಲಾ ಎಂದು ಓದಿದಾಗ ಮರುಗಿದೆನು. ಆದರೆ ನಾನು ನೋಡುತ್ತಿದ್ದುದಾದರೂ ಏನನ್ನು?

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ತೀರಿಕೊಂಡರು. ಮಾರುಕಟ್ಟೆಯಲ್ಲಿ ಹಮಾಲರಾಗಿದ್ದವರು. ತಿಥಿಯ ದಿನಕ್ಕೆ ಹಾರ ಹಾಕಲು ಮನೆಯಲ್ಲಿ ಒಂದು ಚಿತ್ರವೂ ಇರಲಿಲ್ಲ; ಇದ್ದುದು ಗುರುತಿನ ಚೀಟಿಯ ಮೇಲಿನ ಉಗುರಗಲದ ಮುಖ. ಆ ತಾಯಿ ಮಗನೊಡನೆ ನನ್ನ ಮನೆಗೆ ಬಂದು, “ಸಾರ್, ನೀವು ದಿನಾ ಮಾರ್ಕೆಟ್ಟಿನಾಗ ಫೋಟೋ ತೆಗೀತಿದ್ರಂತ. ನಮ್ಮ ಮನೆಯವರದು ಒಂದಾದರೂ ಐತೇನ್ರಿ?” ಎಂದರು.

ಖಂಡಿತವಾಗಿ ಇರಬೇಕೆಂದೇ ಎಣಿಸಿದೆನು. ಅವರನ್ನು ಎಷ್ಟೋ ಬೆಳಗುಗಳಲ್ಲಿ ಕಂಡಿದ್ದೆನಲ್ಲ! ರಾತ್ರಿಯೆಲ್ಲ ಹುಡುಕಿ ಮೂರು ಚಿತ್ರಗಳನ್ನು ತೆಗೆದೆನು. ಒಂದರಲ್ಲಿ ಬೆನ್ನಿನ ಮೇಲೆ ಅಂಡಿಗೆ, ಮುಖ ನೆಲದ ಕಡೆಗೆ. ಇನ್ನೊಂದರಲ್ಲಿ ಗೋಡೆಯ ಮೇಲೆ ಚಾಚಿದ ನೆರಳು. ಅದನ್ನು ನಾನು ಬಹಳ ಮೆಚ್ಚಿಕೊಂಡು ದೊಡ್ಡದಾಗಿ ಮುದ್ರಿಸಿಯೂ ಇದ್ದೆನು. ಮೂರನೆಯದರಲ್ಲಿ ಚಹದ ಲೋಟ ಹಿಡಿದ ಕೈ. ಹುಡುಗ ಆ ಕೈಯನ್ನು ನೋಡಿ, ಬೆರಳಿನ ಗಾಯದ ಗುರುತಿನಿಂದ ತಂದೆಯನ್ನು ಗುರುತಿಸಿದನು. ತಾಯಿ ಆ ಚಿತ್ರವನ್ನೇ ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಇಷ್ಟು ವರ್ಷ ನಾನು ಬೆಳಕು, ನೆರಳು, ಆಕಾರಗಳನ್ನು ತೆಗೆದಿದ್ದೆನೇ ಹೊರತು ಅವರನ್ನು ತೆಗೆದಿರಲಿಲ್ಲ. ಅವರ ಹೆಸರೂ ನನಗೆ ಅಂದೇ ತಿಳಿದುದು.

ಸತ್ಯನ್ ಅವರ ಮಕ್ಕಳ ಚಿತ್ರಗಳನ್ನು ಆಮೇಲೆ ಮತ್ತೊಮ್ಮೆ ತೆರೆದು ನೋಡಿದೆನು. ಅವುಗಳಲ್ಲಿ ಬೆಳಕಿನ ಜಾಣ್ಮೆ ಕಡಿಮೆಯೇನಿಲ್ಲ. ಆದರೆ ನೋಡುವ ಕಣ್ಣು ಮೊದಲು ನಿಲ್ಲುವುದು ಮಗುವಿನ ಮುಖದಲ್ಲಿ. ನಮ್ಮ ಬೆಟ್ಟದ ಮೇಲಿನ ಕೋಟೆಯ ಚಿತ್ರ ಬೇಕಾದರೆ ಪುಸ್ತಕಗಳಲ್ಲಿ ಸಿಕ್ಕೀತು. ಕೆಳಗಿನ ಬೀದಿಯಲ್ಲಿ ಅಂಡಿಗೆ ಹೊತ್ತವರ ಚಿತ್ರಕ್ಕೆ ಎಲ್ಲಿಗೆ ಹೋಗೋಣ?

ಈಗ ಕ್ಯಾಮರಾವನ್ನು ಚೀಲದಲ್ಲಿಯೇ ಇಟ್ಟುಕೊಂಡು ಮೊದಲು ಮಾತನಾಡುತ್ತೇನೆ. ಬೇಡವೆಂದವರ ಚಿತ್ರ ತೆಗೆಯುವುದಿಲ್ಲ. ಮಾತು ಮುಗಿದು ಅವರು ತಮ್ಮ ಕೆಲಸಕ್ಕೆ ತಿರುಗಿ ನನ್ನನ್ನು ಮರೆತಾಗ ಒಂದೋ ಎರಡೋ ತೆಗೆಯುತ್ತೇನೆ. ಹಿಂಬದಿಯಲ್ಲಿ ಹೆಸರು, ತಾರೀಖು ಬರೆದು ಒಂದು ಪ್ರತಿಯನ್ನು ಅವರಿಗೇ ಕೊಡುವುದು ರೂಢಿ. (ಮೊಬೈಲಿನಿಂದ ಮಕ್ಕಳು ಕೆಡುವರೆಂದು ದೂರುವ ಪಾಲಕರು ಒಮ್ಮೆ ತಮ್ಮ ಮಕ್ಕಳಿಂದ ಅಜ್ಜ ಅಜ್ಜಿಯರ ಚಿತ್ರ ತೆಗೆಸಿ, ಕಾಗದದ ಮೇಲೆ ಮುದ್ರಿಸಿ ಇಡಲಿ. ಮೊಬೈಲು ಕೆಟ್ಟರೆ ಅದರೊಳಗಿನದೂ ಹೋಗುತ್ತದೆ.)

ಕಳೆದ ವಾರ ಚಹದಂಗಡಿಯ ಮುದುಕರೊಬ್ಬರಿಗೆ ಅವರ ಪ್ರತಿಯನ್ನು ಕೊಟ್ಟೆನು. ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ತಲೆ ಬಾಚಿಕೊಂಡಿಲ್ಲ, ಇದು ಆಗದು, ಇನ್ನೊಂದು ತೆಗೆಯಿರಿ ಎಂದರು. ಆದರೂ ಅದನ್ನು ಹಿಂದಕ್ಕೆ ಕೊಡಲಿಲ್ಲ. ಸಕ್ಕರೆ ಡಬ್ಬಿಯ ಹಿಂದೆ ನಿಲ್ಲಿಸಿಕೊಂಡಿದ್ದಾರೆ. ನಾಳೆ ಬೆಳಿಗ್ಗೆ ಮತ್ತೆ ಹೋಗಬೇಕು.